ದೂರದ ಬೆಟ್ಟ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಬೆಟ್ಟವನ್ನು ಪಕ್ಕದಿಂದ ನೋಡಿದವರು. ಊರಮುಂದಣ ಕಟ್ಟೆಯ ಮೇಲೆ ಕುಳಿತು, ಬಿಸಿಲಿಗೆ ಅಂಗೈಯನ್ನು ಮರೆಮಾಡಿ, ನಾಲ್ಕು ಹರದಾರಿಯಾಚೆಯ ನೀಲಿ ಗೆರೆಯನ್ನು ಕಂಡು, ಹಿಂದೊಮ್ಮೆ ಹತ್ತಿದಾಗ ಕಾಲಿಗೆ ಚುಚ್ಚಿದ ಕಲ್ಲುಮುಳ್ಳುಗಳನ್ನು ನೆನೆದು ನಕ್ಕವರು. ಅದೇ ಬೆಟ್ಟವನ್ನು ನೆತ್ತಿಯ ಮೇಲಿನಿಂದ ನೋಡುವ ಕಾಲವೊಂದು ಬಂದೀತೆಂದಾಗಲಿ, ಆ ನೋಟಕ್ಕೆ ಬೆಟ್ಟದ ನುಣುಪಿಗಿಂತ ಮೊದಲು ಅದರ ಬೋಳು ಕಂಡೀತೆಂದಾಗಲಿ ಅವರು ಎಣಿಸಿರಲಾರರು.

ಈ ನೋಟ ಈಗ ವಿಜ್ಞಾನಿಗಳ ಸ್ವತ್ತಾಗಿಯೇ ಉಳಿದಿಲ್ಲ. ಊಟದ ಮನೆಗೂ ಬಂದಿದೆ. ಬೆಂಗಳೂರಿನ ಒಂದು ಬಡಾವಣೆ, ನಾಲ್ಕನೆಯ ಅಂತಸ್ತಿನ ಮನೆ, ಪುಷ್ಯ ಮಾಸದ ಒಂದು ಭಾನುವಾರ. ಅಪ್ಪೆಮಿಡಿಯ ಉಪ್ಪಿನಕಾಯಿ ಜಾಡಿಯ ತಳ ಮುಟ್ಟಿತೆಂಬ ಮಾತು ಬಂದಿತು. ಮಾತಿನಿಂದ ಮಾತಿಗೆ ಶಿರಸಿಯ ಸೀಮೆಯ ಊರು ಬಂದಿತು. ಒಂಬತ್ತನೆಯ ತರಗತಿಯ ಮೊಮ್ಮಗ ತಂದೆಯ ಫೋನನ್ನು ಎತ್ತಿಕೊಂಡು ಆ ಊರನ್ನು ಆಕಾಶದಿಂದ ಹುಡುಕಿ ತೆಗೆದ. ಹೆಂಚಿನ ಮಾಡು ಒಂದು ಕೆಂಪು ಚುಕ್ಕೆ. ಕಣಿವೆಯ ಉದ್ದಕ್ಕೂ ಅಡಿಕೆಯ ತೋಟ, ನಕ್ಷತ್ರಗಳನ್ನು ಒತ್ತೊತ್ತಾಗಿ ಚೆಲ್ಲಿದ ಹಾಗೆ. ಅದರಾಚೆ ಹಸಿರೋ ಹಸಿರು. "ನೋಡಜ್ಜಿ, ಎಷ್ಟೊಂದು ಕಾಡು!" ಎಂದ ಹುಡುಗ.

ಅಜ್ಜಿ ಕನ್ನಡಕ ಏರಿಸಿ ನೋಡಿದಳು. ತೋಟದ ಮೇಲುಭಾಗದ ಹಸಿರಿನ ಮೇಲೆ ಬೆರಳಿಟ್ಟು, "ಇದು ಕಾನಲ್ಲ ಮಗಾ, ಕಾನು ಇದ್ದ ಜಾಗ. ಈಗ ಅಲ್ಲಿರುವುದು ಅಕೇಸಿಯಾ" ಎಂದಳು. ಹಳ್ಳದ ದಡದಲ್ಲಿದ್ದ ಅಪ್ಪೆಯ ಮರ ಇದೆಯೋ ಇಲ್ಲವೋ ನೋಡು ಎಂದು ಬೆರಳನ್ನು ಅತ್ತ ಎಳೆದದ್ದೇ ತಡ, ಚಿತ್ರ ಹಾರಿ ಅರಬ್ಬೀ ಸಮುದ್ರದ ನಡುವೆ ನಿಂತಿತು. ಮನೆಮಂದಿಯೆಲ್ಲ ನಕ್ಕರು. ಆದರೆ ಹುಡುಗನ ಮನಸ್ಸಿನಲ್ಲಿ ಒಂದು ಸಂದೇಹ ಉಳಿಯಿತು. ಯಂತ್ರವು ಕಾಡೆಂದು ತೋರಿಸಿದ್ದನ್ನು ಎಂಬತ್ತರ ಅಜ್ಜಿ ಅಲ್ಲವೆಂದರೆ ಯಾರನ್ನು ನಂಬುವುದು?

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅದು ಹೇಗೆಂಬುದು ತಿಳಿಯಬೇಕಾದರೆ ಎಲೆಯೊಂದು ಬೆಳಕನ್ನು ಏನು ಮಾಡುತ್ತದೆಂಬುದನ್ನು ಮೊದಲು ನೋಡಬೇಕು. ಎಲೆ ಬೆಳಕಿನ ವಿಷಯದಲ್ಲಿ ಬಲು ಲೆಕ್ಕಾಚಾರದ ಗೃಹಿಣಿ. ನೀಲಿಯನ್ನೂ ಕೆಂಪನ್ನೂ ಪತ್ರಹರಿತ್ತು ತನ್ನ ಅಡಿಗೆಗೆ ಇಟ್ಟುಕೊಳ್ಳುತ್ತದೆ. ಹಸಿರಿನಲ್ಲಿ ಸ್ವಲ್ಪವನ್ನು ಹಿಂದಿರುಗಿಸುತ್ತದೆ. ಕವಿಗಳ ಪಾಲಿಗೆ ಬಂದದ್ದು ಆ ಸ್ವಲ್ಪ ಮಾತ್ರ. ಕೆಂಪಿನಾಚೆ ಮನುಷ್ಯನ ಕಣ್ಣಿಗೆ ಕಾಣದ ಅವಗೆಂಪು ಎಂಬ ಬೆಳಕುಂಟು. ಅದು ಅಡಿಗೆಗೆ ಒದಗುವಂಥದಲ್ಲ. ಆದುದರಿಂದ ಎಲೆಯೊಳಗಣ ಸಡಿಲವಾದ ಜೀವಕೋಶಗಳ ಜಾಲವು ಅದರಲ್ಲಿ ಅರ್ಧದಷ್ಟನ್ನು ಹೊರಕ್ಕೆ ಎರಚಿಬಿಡುತ್ತದೆ. ಮನುಷ್ಯನಿಗೆ ಆ ಕಣ್ಣಿದ್ದಿದ್ದರೆ ಮಳೆಗಾಲ ಕಳೆದ ಮಲೆನಾಡು ಹಸಿರಾಗಿ ಕಾಣುತ್ತಿರಲಿಲ್ಲ, ಧಗಧಗಿಸುತ್ತಿತ್ತು. ಉಪಗ್ರಹಕ್ಕೆ ಆ ಕಣ್ಣನ್ನು ಕೊಟ್ಟಿದ್ದಾರೆ. ಕೆಂಪನ್ನು ಎಷ್ಟು ನುಂಗಿತು, ಅವಗೆಂಪನ್ನು ಎಷ್ಟು ಎರಚಿತು ಎಂಬ ಎರಡು ಲೆಕ್ಕಗಳನ್ನು ಹೋಲಿಸಿದರೆ ಅಲ್ಲಿರುವುದು ಸೊಂಪಾದ ಎಲೆಯೋ, ಒಣಹುಲ್ಲೋ, ಬರಿಮಣ್ಣೋ ಗೊತ್ತಾಗುತ್ತದೆ. ಕಾಣದ ಬೆಳಕನ್ನು ಕಾಗದದ ಮೇಲೆ ಕಾಣಿಸಲು ಅದಕ್ಕೆ ಕೆಂಪು ಬಣ್ಣ ಬಳಿಯುವುದು ವಾಡಿಕೆ. ಹೀಗಾಗಿ ಆ ಚಿತ್ರಗಳಲ್ಲಿ ಕಾಡಿಗೆ ಕುಂಕುಮದ ಬಣ್ಣ. ನೀರು ಈ ಬೆಳಕನ್ನು ಕುಡಿದುಬಿಡುವುದರಿಂದ ಕಪ್ಪು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರಾಗಿ ನಿಂತ ಎಡೆಯು, ಕೆಂಪು ರೇಶಿಮೆಯ ಮೇಲೆ ಯಾರೋ ಮಸಿಕುಡಿಕೆ ಉರುಳಿಸಿದಂತೆ ಕಣಿವೆ ಕಣಿವೆಗೂ ಬೆರಳು ಚಾಚಿಕೊಂಡಿದೆ. ಆ ಮಸಿಯ ಕೆಳಗೆ ಊರುಗಳಿದ್ದುವೆಂಬುದನ್ನು ಚಿತ್ರ ಹೇಳುವುದಿಲ್ಲ.

ಅಮೆರಿಕದ ಮೊದಲ ಭೂವೀಕ್ಷಣ ಉಪಗ್ರಹ, ಮುಂದೆ ಲ್ಯಾಂಡ್‌ಸ್ಯಾಟ್ ಎಂದು ಹೆಸರಾದದ್ದು, ೧೯೭೨ರ ಜುಲೈ ೨೩ರಂದು ಮೇಲೇರಿತು. ಸುಮಾರು ೯೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ ೧೮ ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾಯುತ್ತಿತ್ತು. ಅದರ ದೃಷ್ಟಿಯೇನೂ ಸೂಕ್ಷ್ಮವಲ್ಲ. ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲೆ ೮೦ ಮೀಟರು ಚೌಕ. ಎಂದರೆ ಒಂದೂವರೆ ಎಕರೆ. ಮನೆ, ಕೊಟ್ಟಿಗೆ, ಅಂಗಳ, ಬಾವಿ, ಹಲಸಿನ ಮರ ಎಲ್ಲ ಕೂಡಿ ಒಂದು ಚುಕ್ಕೆ! ಭಾರತದಲ್ಲಿ ಈ ವಿದ್ಯೆಯ ಆರಂಭ ಅದಕ್ಕೂ ಎರಡು ವರ್ಷ ಹಿಂದಿನದು. ೧೯೭೦ರಲ್ಲಿ ಪಿ. ಆರ್. ಪಿಷಾರೋಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಗೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಸಿ, ಬೇರುರೋಗ ಹಿಡಿದ ಮರಗಳನ್ನು ಗುರುತಿಸುವ ಪ್ರಯೋಗ ನಡೆಸಿದರು. ಬೇರಿನ ಕಾಯಿಲೆಯನ್ನು ಆಕಾಶದಿಂದ ನೋಡಿದ ವೈದ್ಯ! ಮುಂದೆ ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಅವರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, ೧೯೮೮ರ ಮಾರ್ಚ್ ೧೭ರಂದು, ಭಾರತದ್ದೇ ಆದ ಐಆರ್‌ಎಸ್-೧ಎ ಬೈಕೊನೂರಿನಿಂದ ಮೇಲೇರಿತು. ಇತಿಹಾಸ ಇಷ್ಟು ಸಾಕು.

ಚಿತ್ರ ತೆಗೆಯುವುದು ಬೇರೆ, ಚಿತ್ರ ಹೇಳಿದ್ದನ್ನು ಕೇಳಿಸಿಕೊಳ್ಳುವುದು ಬೇರೆ. ಅಲ್ಲಿಯವರೆಗೆ ದೇಶದಲ್ಲಿ ಕಾಡೆಷ್ಟು ಎಂಬುದನ್ನು ಹೇಳುತ್ತಿದ್ದವು ಕಡತಗಳು. ಒಮ್ಮೆ ಅರಣ್ಯವೆಂದು ಬರೆದ ನೆಲ, ಮರವಿರಲಿ ಬಿಡಲಿ, ಅರಣ್ಯವಾಗಿಯೇ ಉಳಿಯುತ್ತಿತ್ತು. ಕಡತಕ್ಕೆ ಗೆದ್ದಲು ಹಿಡಿಯಬಹುದು, ಕೊಡಲಿಪೆಟ್ಟು ತಾಗದಷ್ಟೆ. ಆ ಲೆಕ್ಕದಲ್ಲಿ ದೇಶದ ಐದನೆಯ ಒಂದು ಪಾಲಿಗೂ ಮಿಕ್ಕಿ ಅರಣ್ಯವಿತ್ತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯವರು ೧೯೭೨–೭೫ರ ಚಿತ್ರಗಳನ್ನೂ ೧೯೮೦–೮೨ರ ಚಿತ್ರಗಳನ್ನೂ ಅಕ್ಕಪಕ್ಕದಲ್ಲಿರಿಸಿ ಅಳೆದಾಗ ಮೊದಲನೆಯವುಗಳಲ್ಲಿ ಕಾಡು ಶೇಕಡಾ ೧೬.೮೯, ಎರಡನೆಯವುಗಳಲ್ಲಿ ಶೇಕಡಾ ೧೪.೧೦. ನಡುವೆ ೯೦ ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡು ಕಾಣೆಯಾಗಿತ್ತು. ಕಾಣೆಯಾದುದು ಒಂದು ರಾತ್ರಿಯಲ್ಲಲ್ಲ. ಅಣೆಕಟ್ಟು, ಗದ್ದೆ, ರಸ್ತೆ, ಗಣಿ, ಕಾರ್ಖಾನೆಯ ಸೌದೆ ಎಂದು ಚೂರುಚೂರಾಗಿ. ಚೂರನ್ನು ಹತ್ತಿರದಿಂದ ನೋಡಿದವನಿಗೆ ಚೂರೇ ಕಾಣುತ್ತದೆ. ಹಳ್ಳದ ಈ ದಡದವನಿಗೆ ಗುಡ್ಡದ ಆ ಮಗ್ಗುಲಲ್ಲಿ ಏನಾಯಿತೆಂದು ತಿಳಿಯದು. ಒಟ್ಟು ನಷ್ಟವನ್ನು ನೋಡಲು ದೂರಕ್ಕೆ ಹೋಗಬೇಕಾಯಿತು. ಗಾದೆ ಇಲ್ಲಿ ತಲೆಕೆಳಗಾಯಿತು. ನುಣ್ಣಗಿದ್ದುದು ಹತ್ತಿರದ ಕಡತ, ಒರಟಾಗಿದ್ದುದು ದೂರದ ಚಿತ್ರ.

ಅರಣ್ಯ ಇಲಾಖೆಗಳಿಗೆ ಈ ಲೆಕ್ಕ ಹಿತವಾಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ೧೯೮೧ರಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ತನ್ನ ಮೊದಲ ವರದಿಯನ್ನು ೧೯೮೭ರಲ್ಲಿ ಹೊರತಂದಾಗ ಕಾಡು ಶೇಕಡಾ ೧೯ಕ್ಕೆ ಮಿಕ್ಕಿತ್ತು. ಅದೇ ನೆಲ, ಹೆಚ್ಚುಕಡಮೆ ಅದೇ ವರ್ಷಗಳ ಚಿತ್ರ, ಸಂಖ್ಯೆ ಬೇರೆ! ಉಪಗ್ರಹ ಮಾತು ಬದಲಿಸಿರಲಿಲ್ಲ. ಮರಗಳು ವಿರಳವಾಗಿ ಚದುರಿದ ನೆಲವನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂಬಂಥ ತೀರ್ಮಾನಗಳನ್ನು ಮನುಷ್ಯರು ಬೇರೆಬೇರೆಯಾಗಿ ಮಾಡಿಕೊಂಡಿದ್ದರು. ಕಣ್ಣು ಆಕಾಶದ್ದಾದರೂ ಹೆಸರಿಡುವ ಬಾಯಿ ನೆಲದ್ದೇ.

ಇದೇ ವರ್ಷಗಳಲ್ಲಿ, ೧೯೮೩ರ ಸೆಪ್ಟೆಂಬರಿನಲ್ಲಿ, ಶಿರಸಿಯ ಬಳಿಯ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಎಂದು ಆ ಚಳವಳಿಗೆ ಹೆಸರಾಯಿತು. ಆ ಹೆಂಗಸರು ಗಂಡಸರು ಯಾರೂ ಉಪಗ್ರಹದ ಚಿತ್ರವನ್ನು ನೋಡಿದವರಲ್ಲ. ಹಳ್ಳ ಬೇಗ ಬತ್ತುವುದನ್ನು ಕಂಡಿದ್ದರು, ಅಷ್ಟೆ. ಅವರ ದೂರು ಕೇವಲ ಮರ ಹೋಯಿತೆಂಬುದಲ್ಲ. ನೂರು ಜಾತಿಯ ಮರಗಳಿದ್ದೆಡೆಯಲ್ಲಿ ತೇಗ, ನೀಲಗಿರಿಗಳಂಥ ಒಂದೇ ಜಾತಿಯ ಸಾಲು ಬರುತ್ತಿದೆಯೆಂಬುದು. ಉಪಗ್ರಹದ ಚಿತ್ರಕ್ಕೆ ಈ ದೂರು ಸುಲಭವಾಗಿ ಅರ್ಥವಾಗುವಂಥದಲ್ಲ. ಅಜ್ಜಿಯ ಮಾತಿನ ಎಳೆ ಇಲ್ಲಿದೆ.

ಸರ್ವೇಕ್ಷಣ ಸಂಸ್ಥೆಯ ಲೆಕ್ಕದಲ್ಲಿ ಅರಣ್ಯವೆಂದರೇನು? ಒಂದು ಹೆಕ್ಟೇರಿಗೆ ಕಡಮೆಯಿಲ್ಲದ ನೆಲ. ಅದರಲ್ಲಿ ಶೇಕಡಾ ೧೦ರಷ್ಟಾದರೂ ಮರದ ನೆತ್ತಿಯ ನೆರಳು. ಒಡೆಯ ಯಾರು, ಮರ ಯಾವುದು ಎಂಬ ಪ್ರಶ್ನೆಯಿಲ್ಲ. ಮಾವಿನ ತೋಪು, ರಬ್ಬರು, ಬಿದಿರು, ತೆಂಗು, ನೀಲಗಿರಿ ಎಲ್ಲಕ್ಕೂ ಅಲ್ಲಿ ಪ್ರವೇಶವುಂಟು. ೨೦೨೩ರ ವರದಿಯಂತೆ ದೇಶದ ಅರಣ್ಯಾವರಣ ೭,೧೫,೩೪೩ ಚದರ ಕಿಲೋಮೀಟರು, ಶೇಕಡಾ ೨೧.೭೬. ಮೂರನೆಯ ಒಂದು ಭಾಗ ಕಾಡಿರಬೇಕೆಂದು ೧೯೫೨ರ ಅರಣ್ಯನೀತಿಯೂ ೧೯೮೮ರ ನೀತಿಯೂ ಗುರಿಯಿಟ್ಟಿರುವಾಗ ಈ ಸಂಖ್ಯೆ ಒಂದು ಕೂದಲೆಳೆ ಏರಿದರೂ ಹಿಗ್ಗು, ಇಳಿದರೂ ಕೋಲಾಹಲ. ಆದರೆ ಇಲ್ಲೊಂದು ಕಾನು ಕಡಿದುಹೋಗಿ ಅಲ್ಲೊಂದು ನೆಡುತೋಪು ಬೆಳೆದು ನಿಂತರೆ ಕೂಡಿ ಕಳೆದ ಮೇಲೆ ಉಳಿಯುವುದು ಸೊನ್ನೆ. ಆ ಸೊನ್ನೆಯೊಳಗೆ ಕಾನೂ ಇದೆ, ಅಪ್ಪೆಯ ಮರವೂ ಇದೆ.

ಭಾಷೆ ಬಲ್ಲವರಿಗೆ ಇದು ಇನ್ನೊಂದು ಬಗೆಯಲ್ಲಿ ನೋವಿನ ವಿಷಯ. ಕನ್ನಡದ ಮಲೆನಾಡಿಗರು ಮರಗಳ ನೆಲವನ್ನು ಎಂದೂ ಒಂದೇ ಹೆಸರಿನಿಂದ ಕರೆದವರಲ್ಲ. ಕಡಿಯದೆ ಉಳಿಸಿದ, ಸದಾ ತಂಪಾದ, ಮೆಣಸಿನ ಬಳ್ಳಿ ಹಬ್ಬಿದ ಮುದಿಕಾಡು ಕಾನು. ತೋಟಕ್ಕೆ ಸೊಪ್ಪು ಕೊಡಲೆಂದು ಬಿಟ್ಟದ್ದು ಸೊಪ್ಪಿನ ಬೆಟ್ಟ. ಹುಲ್ಲಿಗೆ ಬಿಟ್ಟದ್ದು ಬ್ಯಾಣ. ಕರಾವಳಿಯಲ್ಲಿ ಊರೊಟ್ಟಿಗಿನದು ಹಾಡಿ; ಕಡಿದು ಸುಟ್ಟು ಬಿತ್ತಿದ್ದು ಕುಮರಿ; ಬೆಟ್ಟದ ನೆತ್ತಿಯ ಮಡಿಕೆಗಳಲ್ಲಿ ಅಡಗಿದ್ದು ಶೋಲೆ; ದೇವರ ಹೆಸರಿನಲ್ಲಿ ಬದುಕಿದ್ದು ಬನ, ಕೊಡಗಿನಲ್ಲಿ ದೇವರಕಾಡು. ಸಿದ್ದಾಪುರದ ಸೀಮೆಯಲ್ಲಿ ಕತ್ತಲೆಕಾನು ಎಂಬ ಎಡೆಯೇ ಇದೆ. ಅಲ್ಲಿ ರಾಮಪತ್ರೆಯ ಬಳಗದ ಮರಗಳು ಜೌಗು ನೀರಿನಲ್ಲಿ ಮೊಣಕಾಲು ಮಡಚಿದಂಥ ಬೇರುಗಳನ್ನು ಮೇಲಕ್ಕೆತ್ತಿ ನಿಂತಿವೆ. ಬಹು ಪುರಾತನ ಬಗೆಯ ಕಾಡು. ಮೇಲಿನಿಂದ ನೋಡುವ ಕಣ್ಣಿಗೆ ಆ ನೀರೂ ಇಲ್ಲ, ಆ ಬೇರೂ ಇಲ್ಲ, ಕತ್ತಲೆಯಂತೂ ಇಲ್ಲವೇ ಇಲ್ಲ. ಬಿಸಿಲಿಗೆ ಹೊಳೆಯುವ ಎಲೆಯ ಮಾಡೊಂದೇ.

ಅಕೇಸಿಯಾದ ಕತೆಯಂತೂ ವಿನೋದದ್ದು. ಆಸ್ಟ್ರೇಲಿಯ, ನ್ಯೂಗಿನಿಗಳ ಕಡೆಯ ಈ ಮರವನ್ನು ೧೯೮೦ರ ದಶಕದಿಂದೀಚೆಗೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಧಾರಾಳವಾಗಿ ನೆಟ್ಟರು. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಬರಡು ನೆಲದಲ್ಲೂ ಬದುಕುತ್ತದೆ; ನೆಡುವವನಿಗೆ ಇನ್ನೇನು ಬೇಕು? ಅದರ ಎಲೆ ನಿಜವಾಗಿ ಎಲೆಯೇ ಅಲ್ಲ. ಎಲೆಯ ತೊಟ್ಟು ಅಗಲವಾಗಿ ಎಲೆಯ ವೇಷ ಧರಿಸಿದ್ದು. ದನ ಮೋಸಹೋಗುವುದಿಲ್ಲ. ವರ್ಷವಿಡೀ ಹಸಿರಾಗಿರುವ ಆ ವೇಷಕ್ಕೆ ಉಪಗ್ರಹ ಮೋಸಹೋದರೆ ಅದನ್ನು ಬಹಳ ಹಳಿಯುವಂತಿಲ್ಲ.

ಕೊಡಗಿನಲ್ಲಿ ಈ ತೊಡಕು ಇನ್ನೂ ಸೂಕ್ಷ್ಮ. ಶಿರಸಿಯ ಅಡಿಕೆಯ ತೋಟ ಮೇಲಿನಿಂದಲೂ ತೋಟವೆಂದೇ ಕಾಣುತ್ತದೆ. ಕಾಫಿಯ ತೋಟ ಹಾಗಲ್ಲ, ಕಾಡಿನ ಮರಗಳ ನೆರಳಲ್ಲಿ ಅಡಗಿ ಕುಳಿತಿರುತ್ತದೆ. ಕೆಳಗಿನ ಪೊದೆಯನ್ನು ಸವರಿ ಕಾಫಿಯ ಗಿಡ ನೆಟ್ಟರೂ ಮೇಲಿನ ಮಾಡು ಹಾಗೇ ಉಳಿಯುತ್ತದೆ. ಆಕಾಶಕ್ಕೆ ಸುದ್ದಿ ಮುಟ್ಟುವುದೇ ಇಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ಚಿತ್ರಗಳನ್ನೂ ನೆಲದ ಓಡಾಟವನ್ನೂ ಕೂಡಿಸಿ ಅಲ್ಲಿಯ ನಕಾಶೆಗಳನ್ನು ಮಾಡಿದರು. ೧೯೭೭ರಿಂದ ೧೯೯೭ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಕೊಡಗಿನ ಕಾಡು ಸುಮಾರು ಶೇಕಡಾ ೨೮ರಷ್ಟು ಕುಗ್ಗಿದ್ದೂ ಕಾಫಿಯ ನೆಲ ಇಮ್ಮಡಿಯಾದದ್ದೂ ಹೀಗೆ ಹೊರಬಿದ್ದಿತು. ಆ ಮೇಲೆಯೂ ಬದಲಾವಣೆ ನಿಂತಿಲ್ಲ. ನೆರಳಿಗಿದ್ದ ಊರ ಮರಗಳ ಎಡೆಯಲ್ಲಿ ಸಿಲ್ವರ್ ಓಕ್ ಬಂದಿದೆ. ಅದೂ ಆಸ್ಟ್ರೇಲಿಯದ್ದೇ, ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮಾರಲು ಸುಲಭ. ಬೆಳೆಗಾರನನ್ನು ಬೈಯುವುದು ಸುಲಭವಾದರೂ ನ್ಯಾಯವಲ್ಲ. ತಾನು ಸಾಕಿದ ಊರ ಮರವನ್ನು ಕಡಿದು ಮಾರಬೇಕಾದರೆ ಎಷ್ಟು ಕಾಗದ ಓಡಾಡಬೇಕೆಂಬುದು ಅವನಿಗೆ ಗೊತ್ತು. ಮರಗಳ ನೆತ್ತಿ ಹಾಗೇ ಇದೆ. ಕೆಳಗಿನ ಹಕ್ಕಿ, ಹಣ್ಣು, ಜೇನು ಬೇರೆಯಾಗುತ್ತಿವೆ.

ಈ ವಿದ್ಯೆಯವರು ಇದನ್ನು ಅರಿಯದವರಲ್ಲ; ಅವರ ದುಡಿಮೆಯಲ್ಲಿ ಬಹುಪಾಲು ಈ ಮೋಸವನ್ನು ಬಿಡಿಸುವುದರಲ್ಲೇ ಸವೆಯುತ್ತದೆ. ಒಂದೇ ಚಿತ್ರವನ್ನು ನಂಬದೆ ವರ್ಷದ ಉದ್ದಕ್ಕೂ ನೋಡುತ್ತಾರೆ. ಬಂಡೀಪುರದ ಎಲೆಯುದುರುವ ಕಾಡನ್ನು ಮಾರ್ಚಿಯಲ್ಲಿ ಮಾತ್ರ ನೋಡಿದವನು ಕಾಡೇ ಹೋಯಿತೆಂದು ಬೊಬ್ಬಿಟ್ಟಾನು. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ನೋಡಿದವನು ನಿಶ್ಚಿಂತನಾದಾನು. ಕಾನು, ತೇಗ, ಅಡಿಕೆ ಇವುಗಳಿಗೆ ಋತುವಿನೊಡನೆ ಏರಿಳಿಯುವ ತಮ್ಮತಮ್ಮದೇ ನಾಡಿಯುಂಟು. ಆ ನಾಡಿಯಿಂದ ಜಾತಿಯನ್ನು ಹಿಡಿಯಲು ಯತ್ನಿಸುತ್ತಾರೆ. ಚುಕ್ಕೆಯೂ ಕಿರಿದಾಗಿದೆ. ಸರ್ವೇಕ್ಷಣ ಸಂಸ್ಥೆ ಬಹುಕಾಲ ಬಳಸಿದ ಭಾರತೀಯ ಉಪಗ್ರಹದ ಚುಕ್ಕೆ ಐದೂವರೆ ಗುಂಟೆಯಷ್ಟು; ೨೦೧೫ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್‌ನದು ೧೦ ಮೀಟರು ಚೌಕ, ಎಂದರೆ ಹೆಚ್ಚುಕಡಮೆ ಸರಿಯಾಗಿ ಒಂದು ಗುಂಟೆ. ಶ್ಯಾನುಭೋಗರ ಅಳತೆಗೆ ಆಕಾಶ ಇಳಿದುಬಂದಂತಾಯಿತು! ಮಲೆನಾಡಿನ ಮಳೆಗಾಲದಲ್ಲಿ ನಾಲ್ಕು ತಿಂಗಳು ಮೋಡವಲ್ಲದೆ ಬೇರೇನೂ ಕಾಣದೆಂಬ ಕೊರತೆಗೂ ಔಷಧವಿದೆ. ೨೦೨೫ರ ಜುಲೈ ೩೦ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್, ಭಾರತವೂ ಅಮೆರಿಕವೂ ಕೂಡಿ ಕಟ್ಟಿದ ರೇಡಾರು ಉಪಗ್ರಹ, ಬಿಸಿಲಿಗಾಗಿ ಕಾಯುವುದಿಲ್ಲ. ತಾನೇ ಅಲೆಗಳನ್ನು ಕಳುಹಿಸಿ ಅವುಗಳ ಮಾರ್ದನಿಯನ್ನು ಕೇಳುತ್ತದೆ. ಅದರ ಎರಡು ಬಗೆಯ ಅಲೆಗಳಲ್ಲಿ ಉದ್ದನೆಯದು ಸುಮಾರು ೨೪ ಸೆಂಟಿಮೀಟರು. ಮೋಡವನ್ನು ಲೆಕ್ಕಿಸದು, ಎಲೆಯನ್ನೂ ಬಹಳಮಟ್ಟಿಗೆ ದಾಟಿ ಕೊಂಬೆ ಕಾಂಡಗಳಿಗೆ ತಾಗಿ ಹಿಂದಿರುಗುತ್ತದೆ. ಎಲೆಯ ವೇಷವನ್ನು ಸರಿಸಿ ಮರದ ಮೈ ಮುಟ್ಟುವ ಪ್ರಯತ್ನವಿದು.

ಇಷ್ಟಾದರೂ ಕೊನೆಗೆ ಯಾರಾದರೊಬ್ಬರು ನಡೆದೇ ಹೋಗಬೇಕು. ಚಿತ್ರದಲ್ಲಿ ಸಂದೇಹ ಬಂದ ಚುಕ್ಕೆಗಳನ್ನು ಗುರುತಿಸಿಕೊಂಡು, ಆ ಅಕ್ಷಾಂಶ ರೇಖಾಂಶಗಳಿಗೆ ಕಾಲ್ನಡೆಯಲ್ಲಿ ತಲುಪಿ, ಅಲ್ಲಿ ನಿಂತು, ಇಲ್ಲಿರುವುದು ಇಂಥದು ಎಂದು ಬರೆದುಕೊಂಡು ಬರಬೇಕು. ನೆಲದ ಸಾಕ್ಷ್ಯವೆಂದು ಇದಕ್ಕೆ ಹೆಸರು. ಈ ಸಾಕ್ಷಿಗಳ ಚಿತ್ರ ಪತ್ರಿಕೆಗಳಲ್ಲಿ ಬರುವುದಿಲ್ಲ, ಉಪಗ್ರಹದ್ದು ಬರುತ್ತದೆ. ಕೈಯಲ್ಲಿ ಯಂತ್ರ, ಕಾಲಿಗೆ ಉಂಬಳ, ಬೆನ್ನಿಗೆ ಮಳೆ. ಮುಂದೆ ದಾರಿ ತೋರಿಸುತ್ತ ಕತ್ತಿ ಹಿಡಿದ ಊರಿನವನೊಬ್ಬ. ಯಂತ್ರ ಹೇಳಿದ ಬಿಂದುವಿನಲ್ಲಿ ನಿಂತು ತಲೆಯೆತ್ತಿ, ಇದು ಯಾವ ಮರ ಎಂದು ಪದವೀಧರ ಕೇಳಿದರೆ, ಊರಿನವನು ಕಚ್ಚು ಹಾಕಿ ತೊಗಟೆಯ ರಸವನ್ನು ಮೂಸಿ ಹೇಳುತ್ತಾನೆ. ಆ ಹೆಸರು ಪುಸ್ತಕಕ್ಕೆ ಹೋಗುತ್ತದೆ, ಪುಸ್ತಕದಿಂದ ಗಣಕಕ್ಕೆ, ಗಣಕದಿಂದ ನಕಾಶೆಯ ಬಣ್ಣಕ್ಕೆ. ಹೇಳಿದವನ ಹೆಸರು ನಕಾಶೆಯ ಮೂಲೆಯಲ್ಲೂ ಇರುವುದಿಲ್ಲ. ಇಂಥವರು ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಅವರ ಮಕ್ಕಳು ಬೆಂಗಳೂರಿನ ನಾಲ್ಕನೆಯ ಅಂತಸ್ತಿನಲ್ಲಿದ್ದಾರೆ.

ಅಲ್ಲಿ, ಆ ಭಾನುವಾರ, ಹುಡುಗ ಸುಮ್ಮನಾಗಿರಲಿಲ್ಲ. ಹಳೆಯ ವರ್ಷಗಳ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸುವ ನಕಾಶೆಯೊಂದನ್ನು ತೆರೆದು, ಕಾಲವನ್ನು ಹಿಂದಕ್ಕೆ ಎಳೆದ. ೧೯೮೦ರ ದಶಕದ ಕೊನೆಯವರೆಗೆ ಬಂದಾಗ ಚಿತ್ರ ಮಂಜು ಕವಿದಂತೆ ಮಸುಕಾಯಿತು. ಮನೆ ಕಾಣಲಿಲ್ಲ, ರಸ್ತೆ ಕಾಣಲಿಲ್ಲ. ಅಜ್ಜಿಗೆ ಮಾತ್ರ ತೊಡಕಾಗಲಿಲ್ಲ. ಹಳ್ಳ ಬಳಸುವ ಡೊಂಕನ್ನು ಕಂಡು, "ಇಲ್ಲಿಂದ ಮೇಲೆ ಕಾನು, ಇಲ್ಲಿ ಉಪ್ಪಾಗೆ, ಇಲ್ಲಿ ಮುರುಗಲು, ಈ ತಿರುವಿನಲ್ಲಿ ಅಪ್ಪೆ" ಎಂದು ಒಂದೊಂದನ್ನೇ ಬೆರಳಿನಿಂದ ತೋರಿಸಿದಳು. ಮಸುಕಾದ ಆ ಚಿತ್ರದಲ್ಲಿ ತೋಟದ ಮೇಲಿನ ಎಡೆ ಕಡುಹಸಿರು. ನಾಲ್ಕು ವರ್ಷ ಮುಂದೆ ಬಂದರೆ ಕಂದು. ಇನ್ನೂ ಆರು ವರ್ಷಕ್ಕೆ ಮತ್ತೆ ಹಸಿರು. ಹುಡುಗ ಆ ಕಂದನ್ನು ಎರಡು ಮೂರು ಸಲ ಹಿಂದೆ ಮುಂದೆ ಆಡಿಸಿದ. ಆಮೇಲೆ ಅಜ್ಜಿ ಹೇಳಿದ ತಿರುವಿನಲ್ಲಿ ಒಂದು ಗುರುತು ಚುಚ್ಚಿ, ಊರಿನಲ್ಲಿರುವ ದೊಡ್ಡಪ್ಪನಿಗೆ ಕಳುಹಿಸಿದ.

ಉತ್ತರ ಬಂದದ್ದು ಮಂಗಳವಾರ ಸಂಜೆ. ದೊಡ್ಡಪ್ಪನ ಮಾತು ಯಾವಾಗಲೂ ಚುಟುಕು. ಮರ ಇದೆ, ಗುರುತು ಹತ್ತು ಮಾರು ಆಚೆ ಬಿದ್ದಿದೆ, ಹೂವು ಚೆನ್ನಾಗಿ ಬಿಟ್ಟಿದೆ, ಅಕೇಸಿಯಾ ಹಳ್ಳದ ಆ ದಡದವರೆಗೂ ಬಂದಿದೆ. ಜೊತೆಗೆ ಮರದ ಬುಡದ ಚಿತ್ರವೊಂದು, ಚಪ್ಪಲಿಯ ತುದಿಯೂ ಸೇರಿದ್ದು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಯನ್ನು ಕರೆದು, ಜಾಡಿಯನ್ನು ತೊಳೆದು ಬಿಸಿಲಿಗಿಡಲು ಹೇಳಿದಳು.